ಕರಿ ಎತ್ತು, ಬಿಳಿ ಮೇಣ

ರೋಮ್ ನಗರದಲ್ಲಿ ಸೇನಾಪತಿ ಪಾಂಪೆ ಕಟ್ಟಿಸಿದ ಕಂಬಸಾಲಿನ ಮೊಗಸಾಲೆಯಲ್ಲಿ ಎತ್ತುಗಳ ಬಲಿಯನ್ನು ತೋರಿಸುವ ಒಂದು ದೊಡ್ಡ ಚಿತ್ರವಿತ್ತು. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ 'ನ್ಯಾಚುರಲ್ ಹಿಸ್ಟರಿ'ಯಲ್ಲಿ ಅದನ್ನು ಬಿಡಿಸಿ ಬಿಡಿಸಿ ವರ್ಣಿಸಿದ್ದಾನೆ. ಎತ್ತಿನ ಉದ್ದ ತೋರಿಸಬೇಕೆಂದರೆ ಯಾರಾದರೂ ಅದನ್ನು ಪಕ್ಕದಿಂದಲೇ ಬರೆಯುತ್ತಾರೆ. ಈ ಚಿತ್ರಗಾರ ಅದನ್ನು ನೋಡುಗರ ಎದುರಿಗೇ ಮುಖ ಮಾಡಿ ನಿಲ್ಲಿಸಿದ್ದ. ಹಾಗಿದ್ದೂ ಅದರ ಮೈಯ ಉದ್ದಗಲ ಪೂರ್ತಿ ತಿಳಿಯುತ್ತಿತ್ತು. ಬಣ್ಣದ ವಿಷಯದಲ್ಲಿ ಅವನು ಮಾಡಿದ್ದು ಇನ್ನೂ ದೊಡ್ಡ ಸಾಹಸ. ಉಬ್ಬಿ ಕಾಣಬೇಕಾದ ಕಡೆ ಬಿಳುಪು, ಒಳಗೆ ಸರಿಯಬೇಕಾದ ಕಡೆ ಕಪ್ಪು ಹಚ್ಚುವುದು ಆಗಿನ ಎಲ್ಲರ ರೂಢಿ. ಇವನು ಇಡೀ ಎತ್ತನ್ನೇ ಕಪ್ಪಿನಲ್ಲಿ ಬರೆದ. ಕಪ್ಪಿನೊಳಗಿನ ನೆರಳಿನಿಂದಲೇ ಅದರ ಮೈಕಟ್ಟನ್ನು ಎಬ್ಬಿಸಿದ. ಮುಂದೆ ಬಹಳ ಜನ ಇದನ್ನು ಅನುಕರಿಸಿದರು, ಸರಿಗಟ್ಟಿದವರು ಯಾರೂ ಇಲ್ಲ ಎಂಬುದು ಪ್ಲಿನಿಯ ತೀರ್ಪು.

ಆ ಚಿತ್ರಗಾರನ ಹೆಸರು ಪಾಸಿಯಾಸ್. ಊರು ಗ್ರೀಸಿನ ಸಿಕ್ಯೋನ್. ಕಾಲ ಕ್ರಿ.ಪೂ. 4ನೆಯ ಶತಮಾನ. ಕಾಯಿಸಿ ಕರಗಿಸಿದ ಜೇನುಮೇಣಕ್ಕೆ ಬಣ್ಣದ ಪುಡಿ ಬೆರೆಸಿ ಬರೆಯುವ 'ಎನ್‌ಕಾಸ್ಟಿಕ್' ಕಲೆಯಲ್ಲಿ ಮೊದಲು ಹೆಸರು ಮಾಡಿದವನು ಇವನೇ ಎಂದು ಪ್ಲಿನಿ ಹೇಳುತ್ತಾನೆ. ಎತ್ತಿನ ಚಿತ್ರದ ಮಾತು ಬರುವುದೂ ಈ ಕಲೆಯವರ ಸರದಿಯಲ್ಲೇ.

ಇಂದು ಅಮೆರಿಕ, ಕೆನಡಾ, ಯೂರೋಪುಗಳಲ್ಲಿ ಅನೇಕ ಕಲಾವಿದರು ಬಿಸಿ ಮೇಣದಲ್ಲಿ ಬರೀ ಕಪ್ಪು-ಬಿಳುಪಿನ ನಿಸರ್ಗಚಿತ್ರಗಳನ್ನು ಮಾಡುತ್ತಿದ್ದಾರೆ. ಮಂಜು ಮುಸುಕಿದ ಕಾಡು, ಎಲೆ ಉದುರಿದ ರೆಂಬೆ, ತೊಗಟೆಯ ಸೀಳು, ಹಿಮದ ಮೇಲಿನ ಹಕ್ಕಿ ಅವರ ವಸ್ತುಗಳು. ಇದು ಇತ್ತೀಚಿನ ಅಭಿರುಚಿಯಂತೆ ಕಾಣುತ್ತದೆ. ಆದರೆ ಅದರ ಸಾಮಗ್ರಿಯೂ ಅದರ ಮುಖ್ಯ ಸಮಸ್ಯೆಯೂ ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಳೆಯವು. ಬಣ್ಣವನ್ನು ಬದಿಗಿಟ್ಟು ಕಪ್ಪಿನಿಂದ ಆಕಾರವನ್ನೂ ಬಿಳುಪಿನಿಂದ ಆಳವನ್ನೂ ಹೊರಡಿಸಲು ಮೇಣದಷ್ಟು ಒದಗಿಬರುವ ಮಾಧ್ಯಮ ಇನ್ನೊಂದಿಲ್ಲ ಎಂಬುದನ್ನು ಈ ಕಲೆಯ ಚರಿತ್ರೆಯೇ ಮತ್ತೆ ಮತ್ತೆ ತೋರಿಸಿಕೊಟ್ಟಿದೆ.

ಮೊದಲು ಮೇಣದ ಗುಣ ತಿಳಿಯಬೇಕು. ಜೇನುಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕುಂಚದಿಂದ ಹಲಗೆಗೆ ಮುಟ್ಟಿಸಿದ ಕೆಲವೇ ಕ್ಷಣಗಳಲ್ಲಿ ಗಟ್ಟಿಯಾಗುತ್ತದೆ. ಎಣ್ಣೆಬಣ್ಣದ ಹಾಗೆ ದಿನಗಟ್ಟಲೆ ಒಣಗಲು ಕಾಯಬೇಕಿಲ್ಲ. ಆದರೆ ಒಂದು ಪದರದ ಮೇಲೆ ಇನ್ನೊಂದು ಹಾಕಿದಾಗಲೆಲ್ಲ ಮೇಲಿನಿಂದ ಶಾಖ ಕೊಟ್ಟು ಎರಡನ್ನೂ ಬೆಸೆಯಬೇಕು. ಬೆಸೆಯದಿದ್ದರೆ ಪದರ ಮುಂದೊಂದು ದಿನ ಎದ್ದು ಬರುತ್ತದೆ. ಮೇಣ ಅರೆಪಾರದರ್ಶಕ. ಬೆಳಕು ಮೇಲ್ಮೈಯಲ್ಲೇ ತಡೆದು ವಾಪಸಾಗುವುದಿಲ್ಲ, ಒಳಪದರಕ್ಕೆ ಇಳಿದು ಮರಳುತ್ತದೆ. ಕಪ್ಪು ರೇಖೆಯ ಮೇಲೆ ತೆಳುವಾಗಿ ಬಿಳಿ ಮೇಣ ಎಳೆದರೆ ರೇಖೆ ಅಳಿಯದೆ ಹಿಂದಕ್ಕೆ ಸರಿಯುತ್ತದೆ. ಇನ್ನೊಂದು ಪದರ ಎಳೆದರೆ ಇನ್ನಷ್ಟು ದೂರ ಹೋಗುತ್ತದೆ. ಹತ್ತಿರದ ಮರ, ಅದರ ಹಿಂದಿನ ಮರ, ಅದರಾಚೆಯ ಬೆಟ್ಟ ಹೀಗೆ ದೂರವನ್ನು ಕಟ್ಟುವ ಕೆಲಸವನ್ನು ಇಲ್ಲಿ ಮೇಣದ ದಪ್ಪವೇ ಮಾಡುತ್ತದೆ.

ಈ ಕಲೆಗೆ ಹಡಗುಕಟ್ಟೆಯ ಸಂಬಂಧವೂ ಇತ್ತು. ಹಡಗಿನ ಮೈಗೆ ನೀರು ಇಳಿಯದಂತೆ ರಾಳ ಮತ್ತು ಮೇಣ ಬಳಿಯುವುದು ಗ್ರೀಕರ ಪದ್ಧತಿ. ಪ್ಲಿನಿ ಮೂರು ಬಗೆಯ ಎನ್‌ಕಾಸ್ಟಿಕ್ ಹೇಳುತ್ತಾನೆ. ಮೊದಲನೆಯದು ಮೇಣದಲ್ಲಿ ಬರೆಯುವುದು, ಎರಡನೆಯದು ದಂತದ ಮೇಲೆ 'ಸೆಸ್ಟ್ರಮ್' ಎಂಬ ಚೂಪು ಉಪಕರಣದಿಂದ ಗೀರುವುದು. ಹಡಗುಗಳಿಗೆ ಬಣ್ಣ ಹಾಕುವ ಕೆಲಸ ಹೆಚ್ಚಿದ ಮೇಲೆ ಮೂರನೆಯದು ಸೇರಿತು. ಅದೇ ಬೆಂಕಿಯಲ್ಲಿ ಕರಗಿಸಿದ ಮೇಣವನ್ನು ಕುಂಚದಿಂದ ಹಚ್ಚುವುದು. ಹಾಗೆ ಹಚ್ಚಿದ ಬಣ್ಣ ಬಿಸಿಲಿಗೂ ಉಪ್ಪುನೀರಿಗೂ ಗಾಳಿಗೂ ಜಗ್ಗುವುದಿಲ್ಲ ಎಂದು ಅವನು ಬರೆದಿದ್ದಾನೆ. ಹಳೆಯ ಹಡಗುಗಳಿಂದ ಕೆರೆದು ತೆಗೆದ ರಾಳ-ಮೇಣದ ಮಿಶ್ರಣವನ್ನು ಔಷಧಿಗೂ ಬಳಸುತ್ತಿದ್ದರು.

ಕಪ್ಪು ಮತ್ತು ಬಿಳುಪು ಎರಡಕ್ಕೂ ಪ್ಲಿನಿ ಪಾಕ ಕೊಟ್ಟಿದ್ದಾನೆ. ಹಳದಿ ಮೇಣವನ್ನು ಬಯಲಲ್ಲಿ ಗಾಳಿಗಿಟ್ಟು, ಆಮೇಲೆ ಆಳದ ಸಮುದ್ರದಿಂದ ತಂದ ನೀರಿನಲ್ಲಿ ಕ್ಷಾರದ ಉಪ್ಪು ಸೇರಿಸಿ ಕುದಿಸಬೇಕು. ಮೇಲೆ ತೇಲುವ ಬೆಳ್ಳಗಿನ ಭಾಗವನ್ನು ಸೌಟಿನಿಂದ ತೆಗೆದು ತಣ್ಣೀರು ತುಸು ಇರುವ ಪಾತ್ರೆಗೆ ಸುರಿಯಬೇಕು. ಅದನ್ನು ಮತ್ತೆ ಸಮುದ್ರದ ನೀರಿನಲ್ಲಿ ಕುದಿಸಿ ಬಯಲಲ್ಲಿ ಹರಡಿ ಹಗಲು ಬಿಸಿಲಿಗೆ, ರಾತ್ರಿ ಬೆಳದಿಂಗಳಿಗೆ ಒಣಗಿಸಿದರೆ ಶುಭ್ರ ಬಿಳಿ ಮೇಣ ಸಿಗುತ್ತದೆ. ಇದೇ ಹೆಸರಾಂತ 'ಪ್ಯೂನಿಕ್ ಮೇಣ'. ಕ್ಷಾರ ಸೇರಿದ್ದರಿಂದ ಇದು ಸಾಬೂನಿನ ಗುಣ ಪಡೆದು ನೀರಿನೊಂದಿಗೆ ಬೆರೆಯುತ್ತಿತ್ತೇ ಎಂಬ ಬಗ್ಗೆ ವಿದ್ವಾಂಸರ ವಾದ ಇಂದಿಗೂ ನಿಂತಿಲ್ಲ. ಕಪ್ಪು ಮೇಣದ ಪಾಕ ಇನ್ನೂ ಸರಳ. ಪಪೈರಸ್ ಕಾಗದವನ್ನು ಸುಟ್ಟ ಬೂದಿಯನ್ನು ಮೇಣಕ್ಕೆ ಬೆರೆಸಿದರೆ ಮುಗಿಯಿತು.

ಬಣ್ಣಗಳ ಪೈಕಿ ಕಪ್ಪಿನ ಮೂಲ ಹುಡುಕಲು ಆಗಿನವರು ಪಟ್ಟ ಶ್ರಮ ಕಡಿಮೆಯಲ್ಲ. ಅಥೆನ್ಸಿನಲ್ಲಿ ಪಾಲಿಗ್ನೋಟಸ್ ಮತ್ತು ಮೈಕಾನ್ ದ್ರಾಕ್ಷಿ ಹಿಂಡಿದ ಮೇಲೆ ಉಳಿಯುವ ಚರಟದಿಂದ ಕಪ್ಪು ಮಾಡಿದರು. ಅಲೆಕ್ಸಾಂಡರನ ಚಿತ್ರಗಾರ ಅಪೆಲೆಸ್ ಆನೆಯ ದಂತ ಸುಟ್ಟು ಮಾಡಿದ. ಮಹಾ ಚಿತ್ರಗಾರರು ಬಿಳಿ, ಹಳದಿ, ಕೆಂಪು, ಕಪ್ಪು ಈ ನಾಲ್ಕೇ ಬಣ್ಣಗಳಲ್ಲಿ ಅಮರ ಕೃತಿಗಳನ್ನು ರಚಿಸಿದರು, ಈಗ ನೇರಳೆ ಬಣ್ಣ ಗೋಡೆಗೇ ಏರಿದರೂ ಒಳ್ಳೆಯ ಚಿತ್ರ ಹುಟ್ಟುತ್ತಿಲ್ಲ ಎಂದು ಪ್ಲಿನಿ ಮರುಗುತ್ತಾನೆ. ಬಣ್ಣ ಕಡಿಮೆಯಾದಷ್ಟೂ ಬೆಳಕು-ನೆರಳಿನ ಮೇಲೆ ಹಿಡಿತ ಹೆಚ್ಚಬೇಕೆಂಬುದು ಆ ಕಾಲಕ್ಕೇ ಗೊತ್ತಿದ್ದ ಸಂಗತಿ. ಅಥೆನ್ಸಿನ ನಿಕಿಯಾಸ್ ಎಂಬ ಎನ್‌ಕಾಸ್ಟಿಕ್ ಕಲಾವಿದ ಆಕೃತಿಗಳು ಹಲಗೆಯಿಂದ ಎದ್ದು ಬಂದಂತೆ ಕಾಣಲೆಂದು ಬೆಳಕು-ನೆರಳನ್ನು ಬಹು ಜತನದಿಂದ ಇಡುತ್ತಿದ್ದ. ಪ್ರಾಣಿಗಳಲ್ಲಿ ನಾಯಿಗಳನ್ನು ಬರೆಯುವುದರಲ್ಲಿ ಅವನದು ಎತ್ತಿದ ಕೈ.

ನಿಸರ್ಗಕ್ಕೂ ಮೇಣಕ್ಕೂ ನಂಟು ಬೆಳೆದದ್ದು ಮತ್ತೆ ಪಾಸಿಯಾಸನ ಊರಿನಲ್ಲೇ. ಸಿಕ್ಯೋನಿನಲ್ಲಿ ಗ್ಲಿಸೆರಾ ಎಂಬಾಕೆ ಹೂಮಾಲೆ ಕಟ್ಟಿ ಮಾರಿ ಬಡತನದಲ್ಲಿ ಜೀವನ ಸಾಗಿಸುತ್ತಿದ್ದಳು. ಯುವಕ ಪಾಸಿಯಾಸ್ ಅವಳನ್ನು ಮೆಚ್ಚಿದ. ಅವಳು ದಿನಕ್ಕೊಂದು ಬಗೆಯಾಗಿ ಹೂ ಜೋಡಿಸುತ್ತಿದ್ದಳು. ಅವನು ಅವಳ ಜತೆ ಪೈಪೋಟಿಗಿಳಿದಂತೆ ಆ ಹೂಗಳನ್ನು ಮೇಣದಲ್ಲಿ ಬರೆಯುತ್ತ ಹೋದ. ಎನ್‌ಕಾಸ್ಟಿಕ್‌ನಲ್ಲಿ ನಾನಾ ಬಗೆಯ ಹೂಗಳು ಮೂಡಿದ್ದು ಹೀಗೆ. ಕೊನೆಗೆ ಮಾಲೆ ಹಿಡಿದು ಕುಳಿತ ಅವಳದೇ ಚಿತ್ರ ಬರೆದ. ಅದರ ಒಂದು ಪ್ರತಿಯನ್ನು ರೋಮಿನ ಲುಕುಲಸ್ ಅಥೆನ್ಸಿನಲ್ಲಿ ಎರಡು ಟ್ಯಾಲೆಂಟ್ ಕೊಟ್ಟು ಕೊಂಡ. ಅಥೆನ್ಸಿನ ತೂಕದಲ್ಲಿ ಅದು ಸುಮಾರು 52 ಕಿಲೋ ಬೆಳ್ಳಿ. ಮೂಲಕ್ಕಲ್ಲ, ಪ್ರತಿಗೆ ಬಂದ ಬೆಲೆ ಅದು.

ಪಾಸಿಯಾಸನ ಹೆಚ್ಚಿನ ಚಿತ್ರಗಳು ಪುಟ್ಟವು. ಮೇಣದ ಕೆಲಸ ನಿಧಾನ, ಅದಕ್ಕೇ ದೊಡ್ಡದನ್ನು ಬರೆಯುವುದಿಲ್ಲ ಎಂದು ಎದುರಾಳಿಗಳು ಆಡಿಕೊಂಡರು. ಅವನು ಒಂದೇ ದಿನದಲ್ಲಿ ಬಾಲಕನೊಬ್ಬನ ಚಿತ್ರ ಮುಗಿಸಿ ತೋರಿಸಿದ. ಸಿಕ್ಯೋನ್ ಮುಂದೆ ಸಾಲದಲ್ಲಿ ಮುಳುಗಿತು. ನಗರದ ಸ್ವತ್ತಾಗಿದ್ದ ಚಿತ್ರಗಳೆಲ್ಲ ಕ್ರಿ.ಪೂ. 58ರಲ್ಲಿ ಸ್ಕಾರಸ್ ಎಂಬ ರೋಮನ್ ಅಧಿಕಾರಿಯ ಕಾಲದಲ್ಲಿ ರೋಮ್ ಸೇರಿದವು. ಪಾಸಿಯಾಸನ ಒಂದು ಕೃತಿಯೂ ಇಂದು ಉಳಿದಿಲ್ಲ.

ಕೃತಿಗಳು ಹೋದರೂ ಕೆಲಸ ನಡೆಯುತ್ತಿದ್ದ ರೀತಿಯನ್ನು ಕಣ್ಣಾರೆ ನೋಡಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ದಕ್ಷಿಣ ಇಟಲಿಯ ಒಂದು ಮಣ್ಣಿನ ಪಾತ್ರೆ ಇದೆ. ಕ್ರಿ.ಪೂ. 360-350ರ ಸುಮಾರಿನದು. ಅದರ ಮೇಲೆ ಕಲಾವಿದನೊಬ್ಬ ಗ್ರೀಕ್ ಪುರಾಣದ ವೀರ ಹೆರಾಕ್ಲಿಸನ ಕಲ್ಲಿನ ಪ್ರತಿಮೆಗೆ ಬಣ್ಣ ಹಚ್ಚುತ್ತಿರುವ ದೃಶ್ಯವಿದೆ. ಒಂದು ಕೈಯಲ್ಲಿ ಪುಟ್ಟ ಬಟ್ಟಲು, ಇನ್ನೊಂದರಲ್ಲಿ ಉಪಕರಣ. ಪ್ರತಿಮೆ ಹೊದ್ದ ಸಿಂಹದ ತೊಗಲಿಗೆ ಅವನು ಮೇಣ ಹಾಕುತ್ತಿದ್ದಾನೆ. ಹಿಂದೆ ಸಹಾಯಕನೊಬ್ಬ ಕೆಂಡದ ಅಗ್ಗಿಷ್ಟಿಕೆಯಲ್ಲಿ ಲೋಹದ ಕಡ್ಡಿಗಳನ್ನು ಕಾಯಿಸುತ್ತಿದ್ದಾನೆ. ಇನ್ನೊಂದು ಬದಿಯಿಂದ ಸಾಕ್ಷಾತ್ ಹೆರಾಕ್ಲಿಸನೇ ಬಂದು ತನ್ನ ಪ್ರತಿಮೆಯ ಅಲಂಕಾರವನ್ನು ನೋಡುತ್ತಿದ್ದಾನೆ. ಕಡ್ಡಿ ಕಾಯಿಸಲೆಂದೇ ಒಬ್ಬ ಆಳು ಬೇಕಾಗಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಈ ಕಲೆಯ ಮುಂದಿನ ಏಳುಬೀಳಿಗೆಲ್ಲ ಆ ಅಗ್ಗಿಷ್ಟಿಕೆಯೇ ಕಾರಣ.

ಹೆಂಗಸರೂ ಈ ಕಸುಬಿನಲ್ಲಿದ್ದರು. ಸಿಜಿಕಸ್ ಊರಿನ ಇಯಾಯಾ ಕ್ರಿ.ಪೂ. 1ನೆಯ ಶತಮಾನದ ಹೊತ್ತಿಗೆ ರೋಮಿನಲ್ಲಿ ಕುಂಚದಿಂದಲೂ ಸೆಸ್ಟ್ರಮ್‌ನಿಂದಲೂ ಕೆಲಸ ಮಾಡುತ್ತಿದ್ದಳು. ಕನ್ನಡಿ ನೋಡಿ ತನ್ನದೇ ಭಾವಚಿತ್ರ ಬರೆದಳು. ಅವಳಷ್ಟು ವೇಗದ ಕೈ ಯಾರದೂ ಇರಲಿಲ್ಲ. ಸಮಕಾಲೀನ ಗಂಡಸರಿಗಿಂತ ಅವಳ ಚಿತ್ರಕ್ಕೆ ಬೆಲೆ ಹೆಚ್ಚು ಬರುತ್ತಿತ್ತು. 1847ರಲ್ಲಿ ಫ್ರಾನ್ಸಿನ ಸೇಂಟ್-ಮೆಡಾರ್-ದೆ-ಪ್ರೆ ಎಂಬಲ್ಲಿ ರೋಮನ್ ಕಾಲದ ಚಿತ್ರಗಾರ್ತಿಯೊಬ್ಬಳ ಸಮಾಧಿ ಸಿಕ್ಕಿತು. ಬಣ್ಣದ ಕಂಚಿನ ಪೆಟ್ಟಿಗೆ, ಪುಟ್ಟ ಸೌಟುಗಳು, ಕುಂಚದ ಹಿಡಿಗಳು, ಮೇಣದ ಉಂಡೆ ಎಲ್ಲವನ್ನೂ ಅವಳ ಜತೆಗೇ ಇಟ್ಟು ಮಣ್ಣು ಮಾಡಿದ್ದರು.

ಮೇಣದ ಚಿತ್ರಗಳು ರಾಶಿಯಾಗಿ ಉಳಿದದ್ದು ಈಜಿಪ್ಟಿನ ಮರಳಿನಲ್ಲಿ. ಕೈರೋದ ನೈಋತ್ಯಕ್ಕಿರುವ ಫಯೂಮ್ ಪ್ರಾಂತ್ಯದಲ್ಲಿ ರೋಮನ್ ಆಳ್ವಿಕೆಯ ಕಾಲದಲ್ಲಿ ಸತ್ತವರ ಭಾವಚಿತ್ರವನ್ನು ತೆಳು ಹಲಗೆಯ ಮೇಲೆ ಬರೆದು ಮಮ್ಮಿಯ ಮುಖದ ಜಾಗದಲ್ಲಿ ಕಟ್ಟುತ್ತಿದ್ದರು. 1888ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಹವಾರಾದಲ್ಲಿ ಅಗೆದು ಇಂಥ ಹತ್ತಾರು ಚಿತ್ರಗಳನ್ನು ಹೊರತೆಗೆದ. ಅದೇ ವರ್ಷ ಲಂಡನ್ನಿನಲ್ಲಿ ಪ್ರದರ್ಶನವಾಯಿತು. ಇಂದು ಜಗತ್ತಿನ ಸಂಗ್ರಹಾಲಯಗಳಲ್ಲಿ ಇಂಥವು ಸುಮಾರು 900ರಿಂದ 1,000 ಇವೆ. ಎಲ್ಲವೂ ಮೇಣದವಲ್ಲ, ಟೆಂಪೆರಾ ಎಂಬ ನೀರುಬಣ್ಣದವೂ ಇವೆ. ಮೇಣದವನ್ನು ಹತ್ತಿರದಿಂದ ನೋಡಿದರೆ ಎರಡು ಕೈಚಳಕ ಒಂದೇ ಹಲಗೆಯ ಮೇಲೆ ಕಾಣುತ್ತವೆ. ಬಟ್ಟೆ, ಹಿನ್ನೆಲೆಗಳಲ್ಲಿ ಕುಂಚದ ಉದ್ದನೆಯ ಎಳೆತ. ಕೆನ್ನೆ, ಮೂಗುಗಳಲ್ಲಿ ಬಿಸಿ ಲೋಹದ ಉಪಕರಣ ಮೇಣವನ್ನು ಒತ್ತಿ ಸರಿಸಿದ ಗೀರು. ಕೆಲವು ಚಿತ್ರಗಳಲ್ಲಿ ಕಲಾವಿದರು ಗಾಢವಾದ ಅಡಿಬಣ್ಣದಿಂದ ಹೊರಟು ಮೇಲೆ ಮೇಲೆ ತಿಳಿ ಬಣ್ಣ ಏರಿಸಿದ್ದಾರೆ. ಕಣ್ಣಗುಡ್ಡೆಯ ಕಪ್ಪಿನ ಮೇಲೆ ಒಂದೇ ಒಂದು ಬಿಳಿಯ ಚುಕ್ಕೆ. ಅಷ್ಟಕ್ಕೇ ಕಣ್ಣಿಗೆ ಜೀವ ಬಂದಿದೆ. ಕಪ್ಪಿಗೆ ಇದ್ದಿಲು-ಮಸಿ, ಬಿಳಿಗೆ ಸೀಸದ ಸಫೇದ. ಎಷ್ಟೋ ಎಣ್ಣೆಚಿತ್ರಗಳು ಹಳದಿಗಟ್ಟಿ ಕಂದಿದರೆ, ಸಾವಿರದ ಎಂಟುನೂರು ವರ್ಷ ಕಳೆದ ಈ ಮುಖಗಳ ಕಾಂತಿ ಹೋಗಿಲ್ಲ.

ಈ ಪರಂಪರೆ ಕ್ರೈಸ್ತರ ಪೂಜಾಚಿತ್ರಗಳಿಗೂ ಹರಿಯಿತು. ಸಿನಾಯ್ ಮರುಭೂಮಿಯ ಸೇಂಟ್ ಕ್ಯಾಥರೀನ್ ಮಠದಲ್ಲಿರುವ ಕ್ರಿಸ್ತನ ಚಿತ್ರ 6ನೆಯ ಶತಮಾನದ್ದು, 84 ಸೆಂಟಿಮೀಟರ್ ಎತ್ತರದ್ದು, ಮೇಣದ್ದು. 8-9ನೆಯ ಶತಮಾನಗಳಲ್ಲಿ ಬೈಜಾಂಟಿಯಂ ದೊರೆಗಳು ಪೂಜಾಚಿತ್ರಗಳನ್ನು ನಾಶ ಮಾಡಿಸಿದಾಗ ಸಿನಾಯ್ ಮುಸ್ಲಿಂ ಆಳ್ವಿಕೆಯಲ್ಲಿತ್ತು. ದೊರೆಗಳ ಆಜ್ಞೆ ಅಲ್ಲಿಯವರೆಗೆ ನಡೆಯಲಿಲ್ಲ. ಹಾಗಾಗಿ ಚಿತ್ರ ಉಳಿಯಿತು. ಆಮೇಲೆ ಮೇಣದ ಕಲೆ ಮರೆಗೆ ಸರಿಯಿತು. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುವ ಟೆಂಪೆರಾಗೆ ಬೆಂಕಿ ಬೇಡ, ಕಡ್ಡಿ ಕಾಯಿಸುವ ಆಳು ಬೇಡ, ಸದಾ ಬಿಸಿಯಾಗಿಡುವ ಬಟ್ಟಲು ಬೇಡ. ಅನುಕೂಲವೇ ಗೆದ್ದಿತು.

ಅದೇ ಜೇನುಮೇಣ ನಮ್ಮ ನಾಡಿನಲ್ಲಿ ಬೇರೆ ದಾರಿ ಹಿಡಿದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ' ಸಂಸ್ಕೃತ ಗ್ರಂಥದಲ್ಲಿ ಲೋಹದ ವಿಗ್ರಹ ಎರೆಯುವ ವಿಧಾನವಿದೆ. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಟೊಳ್ಳಿಗೆ ಕರಗಿದ ಲೋಹ ಹೊಯ್ಯಬೇಕು. ಬೆಳ್ಳಿಯಾದರೆ ಮೇಣದ 12 ಪಟ್ಟು, ಚಿನ್ನವಾದರೆ 16 ಪಟ್ಟು ತೂಕ. ಅದೇ ಗ್ರಂಥದ ಚಿತ್ರಕಲೆಯ ಭಾಗದಲ್ಲಿ ಬಣ್ಣ ಹಿಡಿಸಲು ಹೇಳಿರುವುದು ಎಮ್ಮೆಯ ಚರ್ಮ ಬೇಯಿಸಿ ತೆಗೆದ ವಜ್ರಲೇಪ. ಮೊದಲ ರೇಖೆ ಎಳೆಯುವ ಕರಿಯ ಕಡ್ಡಿಗೆ ಕಾಡಿಗೆ ಮತ್ತು ಅನ್ನದ ಅಗುಳು. ಕಲ್ಯಾಣದಲ್ಲಿ ಮೇಣ ಶಿಲ್ಪಿಯ ಕೈಗೆ, ಕಾಡಿಗೆ ಚಿತ್ರಗಾರನ ಕೈಗೆ ಹೋದವು. ಆ ಎರಡೂ ಒಂದೇ ಬಟ್ಟಲಿನಲ್ಲಿ ಕೂಡಿದ್ದು ಮೆಡಿಟರೇನಿಯನ್ ತೀರದಲ್ಲಿ.

ಯೂರೋಪಿನಲ್ಲಿ ಮೇಣದ ಮೇಲೆ ಮತ್ತೆ ಆಸೆ ಹುಟ್ಟಿದ್ದು 18ನೆಯ ಶತಮಾನದಲ್ಲಿ. ಪ್ಯಾರಿಸ್ಸಿನ ಪುರಾತತ್ವಪ್ರಿಯ ಕೌಂಟ್ ಕೇಲಸ್ ಪ್ಲಿನಿಯ ವಾಕ್ಯಗಳನ್ನು ಹಿಡಿದು ವರ್ಷಗಟ್ಟಲೆ ಪ್ರಯೋಗ ಮಾಡಿದ. 1754ರಲ್ಲಿ ಚಿತ್ರಗಾರ ವಿಯೆನ್‌ನಿಂದ ಮಿನರ್ವಾ ದೇವಿಯ ಮುಖವನ್ನು ಮೇಣದಲ್ಲಿ ಬರೆಸಿದ. ಮರುವರ್ಷ ಮಜೋ ಎಂಬ ವೈದ್ಯನ ಜತೆ ಸೇರಿ ಗ್ರಂಥ ಪ್ರಕಟಿಸಿದ. ಅದೇ 1755ರಲ್ಲಿ ತತ್ವಜ್ಞಾನಿ ಡಿಡೆರೊ ಹೆಸರು ಹಾಕದೆ ಒಂದು ಕಿರುಹೊತ್ತಗೆ ಹೊರಡಿಸಿ, ಮೇಣದ ಗುಟ್ಟು ಕಂಡುಕೊಂಡ ಕೀರ್ತಿ ಬಾಶೆಲಿಯೆ ಎಂಬ ಇನ್ನೊಬ್ಬ ಚಿತ್ರಗಾರನಿಗೆ ಸಲ್ಲಬೇಕೆಂದು ವಾದಿಸಿದ. ಸತ್ತು ಸಾವಿರ ವರ್ಷವಾದ ಕಲೆಗಾಗಿ ಪ್ಯಾರಿಸ್ಸಿನ ವಿದ್ವಾಂಸರು ಬಹಿರಂಗವಾಗಿ ಕಿತ್ತಾಡಿದರು.

ಮೇಣದಲ್ಲಿ ಭೂದೃಶ್ಯವನ್ನೇ ದೊಡ್ಡ ವಸ್ತುವಾಗಿ ತೆಗೆದುಕೊಂಡವನು ಜರ್ಮನಿಯ ಕಾರ್ಲ್ ರಾಟ್‌ಮನ್. ಬವೇರಿಯಾದ ದೊರೆ ಒಂದನೆಯ ಲುಡ್ವಿಗ್‌ನ ಮಗ ಆಗ ಗ್ರೀಸಿನ ರಾಜ. ದೊರೆಯ ಅಪ್ಪಣೆಯಂತೆ ರಾಟ್‌ಮನ್ ಗ್ರೀಸಿನ ಬಯಲು-ಬೆಟ್ಟಗಳನ್ನೆಲ್ಲ ಸುತ್ತಿ ಬಂದು 1838ರಿಂದ 1850ರಲ್ಲಿ ಸಾಯುವ ತನಕ 23 ದೊಡ್ಡ ದೃಶ್ಯಗಳನ್ನು ಮೇಣ-ರಾಳದ ಮಾಧ್ಯಮದಲ್ಲಿ ಬರೆದ. ಪಾಸಿಯಾಸನ ಸಿಕ್ಯೋನ್ ಕೂಡ ಅವುಗಳಲ್ಲಿದೆ. 'ಮ್ಯಾರಥಾನ್' ಚಿತ್ರದಲ್ಲಿ ಮನುಷ್ಯರಿಲ್ಲ. ಕಪ್ಪು ಬಿರುಗಾಳಿಯ ಮೋಡ, ಅದನ್ನು ಸೀಳಿ ಬಯಲಿಗೆ ಬಿದ್ದ ಬೆಳಕು, ಸವಾರನಿಲ್ಲದೆ ಓಡುವ ಕುದುರೆ. ಯುದ್ಧದ ಕಥೆಯನ್ನು ಕತ್ತಲೆ-ಬೆಳಕೇ ಹೇಳುತ್ತವೆ. ಇವನ್ನು ಇಡಲೆಂದು ಮ್ಯೂನಿಕ್ಕಿನ ನೋಯೆ ಪಿನಾಕೊಟೆಕ್ ಸಂಗ್ರಹಾಲಯದಲ್ಲಿ ಚಿತ್ರಗಳ ಮೇಲಷ್ಟೇ ಬೆಳಕು ಬಿದ್ದು ನೋಡುಗರು ಅರೆಗತ್ತಲೆಯಲ್ಲಿ ನಿಲ್ಲುವಂಥ ಕೋಣೆ ಕಟ್ಟಿದರು. ಮೆಕ್ಸಿಕೋದ ಡಿಯೇಗೋ ರಿವೇರಾ 1922-23ರಲ್ಲಿ ತನ್ನ ಮೊದಲ ಭಿತ್ತಿಚಿತ್ರ 'ಸೃಷ್ಟಿ'ಯನ್ನು ಎನ್‌ಕಾಸ್ಟಿಕ್‌ನಲ್ಲಿ ಮಾಡಿದ. ಆಮೇಲೆ ಅವನು ಹಸಿ ಗಾರೆಯ ಫ್ರೆಸ್ಕೋಗೆ ಹೊರಳಿದ.

ಕಲೆ ನಿಜಕ್ಕೂ ಮರುಹುಟ್ಟು ಪಡೆದದ್ದು ವಿದ್ಯುತ್ತಿನಿಂದ. ಬಿಸಿ ತಟ್ಟೆ, ಹೀಟ್ ಗನ್, ಉಷ್ಣತೆ ಒಂದೇ ಸಮ ಕಾಯುವ ಥರ್ಮೋಸ್ಟಾಟ್ ಬಂದ ಮೇಲೆ ಅಗ್ಗಿಷ್ಟಿಕೆಯ ಆಳಿನ ಕೆಲಸ ಮುಗಿಯಿತು. 1954ರಲ್ಲಿ ನ್ಯೂಯಾರ್ಕಿನ ಜಾಸ್ಪರ್ ಜಾನ್ಸ್ ಅಮೆರಿಕದ ಧ್ವಜದ ಚಿತ್ರವನ್ನು ಮನೆಗೆ ಹೊಡೆಯುವ ಎನಾಮಲ್ ಬಣ್ಣದಲ್ಲಿ ಶುರುಮಾಡಿದ. ಅದು ಬೇಗ ಒಣಗದೆ ಒಂದರ ಮೇಲೊಂದು ಎಳೆತ ಕದಡಿಹೋಗುತ್ತಿತ್ತು. ಆಗ ಮೇಣಕ್ಕೆ ಬಂದ. 1955ರ 'ವೈಟ್ ಫ್ಲ್ಯಾಗ್' ನೋಡಿದರೆ ಮೇಣದ ಬಿಳುಪು ಎಷ್ಟು ಬಗೆಯದೆಂದು ತಿಳಿಯುತ್ತದೆ. ಸುಮಾರು 2 ಮೀಟರ್ ಎತ್ತರ, 3 ಮೀಟರ್ ಅಗಲದ ಮೂರು ಭಾಗಗಳ ಚಿತ್ರ. ಹರಿದ ಪತ್ರಿಕೆಯ ಚೂರು, ಬಟ್ಟೆಯ ತುಂಡುಗಳನ್ನು ಕರಗಿದ ಮೇಣದಲ್ಲಿ ಅದ್ದಿ ಅಂಟಿಸಿ, ಮೇಲೆ ಬಿಳಿ ಬೆರೆತ ಮೇಣ ಹಚ್ಚಿದ್ದಾನೆ. ಒಳಗಿನ ಅಚ್ಚಕ್ಷರಗಳು ಅಲ್ಲಲ್ಲಿ ಮಸುಕಾಗಿ ಕಾಣುತ್ತವೆ. ಬಣ್ಣ ಹೋದ ಧ್ವಜದಲ್ಲಿ ನೋಟಕ್ಕೆ ಸಿಗುವುದು ಮೇಣದ ಮೈಯೊಂದೇ. ಮುಂದೆ ದಶಕಗಳ ಕಾಲ ಅವನು ಮತ್ತೆ ಮತ್ತೆ ಬೂದು ಬಣ್ಣಕ್ಕೆ ಮರಳಿದ. ಆ ಕೃತಿಗಳಿಗೆಂದೇ 2007ರಲ್ಲಿ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ 'ಗ್ರೇ' ಎಂಬ ಪ್ರದರ್ಶನ ನಡೆಯಿತು. 1985-86ರಲ್ಲಿ ಅವನು ನಾಲ್ಕು ಋತುಗಳನ್ನು ಎನ್‌ಕಾಸ್ಟಿಕ್‌ನಲ್ಲಿ ಬರೆದ. ಅದರಲ್ಲಿ 'ವಿಂಟರ್' ಬೂದು-ಬಿಳುಪಿನದು. ಮನುಷ್ಯನ ನೆರಳಿನ ಮೇಲೆ ಹಿಮದ ಚುಕ್ಕೆಗಳು ಉದುರುತ್ತವೆ. ಋತುವಿನ ಚಳಿಯನ್ನು ಅಲ್ಲಿ ಬೂದು ಮತ್ತು ಬಿಳಿ ಎರಡೇ ತಂದುಕೊಟ್ಟಿವೆ.

ಈ ದಾರಿಯ ಮುಂದುವರಿಕೆಯೇ ಇಂದಿನ ಕಪ್ಪು-ಬಿಳುಪಿನ ನಿಸರ್ಗಚಿತ್ರ. ಶೋಧಿಸಿದ ಜೇನುಮೇಣ 5ರಿಂದ 10 ಪಾಲು, ಡಾಮರ್ ರಾಳ ಒಂದು ಪಾಲು ಕರಗಿಸಿದರೆ ಮೂಲ ಮಿಶ್ರಣ ಸಿದ್ಧ. ಈ ಡಾಮರ್ ರಸ್ತೆಗೆ ಹಾಕುವ ಡಾಮರಲ್ಲ, ಆಗ್ನೇಯ ಏಷ್ಯಾದ ಕಾಡುಮರಗಳಿಂದ ಒಸರುವ ಅಂಟು. ಅದು ಮೇಣಕ್ಕೆ ಗಡಸುತನ ಕೊಡುತ್ತದೆ, ಉಜ್ಜಿದರೆ ಹೊಳಪು ಬರಿಸುತ್ತದೆ. ಬಿಳಿಗೆ ಈಗ ವಿಷದ ಸೀಸದ ಬದಲು ಟೈಟಾನಿಯಂ. ಕಪ್ಪಿಗೆ ಮೂಳೆ ಸುಟ್ಟ ಮಸಿ, ದೀಪದ ಕಾಡಿಗೆ, ದ್ರಾಕ್ಷಿಬಳ್ಳಿಯ ಇದ್ದಿಲು. ಇವು ಒಂದೇ ಕಪ್ಪಲ್ಲ. ಮೂಳೆಯ ಕಪ್ಪಿನಲ್ಲಿ ಕಂದಿನ ಬೆಚ್ಚಗಿನ ಛಾಯೆ, ಬಳ್ಳಿಯ ಇದ್ದಿಲಿನಲ್ಲಿ ನೀಲಿಯ ತಂಪು. ಮಣ್ಣಿಗೆ ಒಂದು, ಮಳೆಮೋಡಕ್ಕೆ ಇನ್ನೊಂದು ಹೊಂದುತ್ತದೆ.

ಗೀರಿ ತುಂಬುವುದು ಮುಖ್ಯ ವಿಧಾನ. ಬಿಳಿ ಮೇಣದ ಮೇಲೆ ಸೂಜಿಯಿಂದ ರೆಂಬೆಗಳನ್ನು ಕೊರೆದು ಆ ಗೀರಿಗೆ ಕಪ್ಪು ತುಂಬಿ, ಮೇಲಿನದನ್ನು ಒರೆಸಿದರೆ ಕೂದಲೆಳೆಯ ರೇಖೆ ಉಳಿಯುತ್ತದೆ. ಜೆರಾಕ್ಸ್ ಪ್ರತಿಯ ಕಪ್ಪನ್ನು ಮೇಣಕ್ಕೆ ಇಳಿಸುವುದೂ ಉಂಟು. ಹಕ್ಕಿಯದೋ ಬೀಜದ ಕಾಯಿಯದೋ ಪ್ರತಿಯನ್ನು ಬೋರಲಾಗಿ ಉಜ್ಜಿ, ಕಾಗದವನ್ನು ನೀರಿನಲ್ಲಿ ನೆನೆಸಿ ತಿಕ್ಕಿ ತೆಗೆದರೆ ಮಸಿ ಮಾತ್ರ ಮೇಣದಲ್ಲಿ ನಿಲ್ಲುತ್ತದೆ. ಎಲ್ಲಕ್ಕಿಂತ ಬೆರಗಿನದು ಅರಗಿನ ಸುಡುಗೆ. ಸ್ಪಿರಿಟ್‌ನಲ್ಲಿ ಕರಗಿಸಿ ಕಪ್ಪು ಬೆರೆಸಿದ ಅರಗನ್ನು ಬಿಳಿ ಮೇಣದ ಮೇಲೆ ಬಳಿದು ಬ್ಲೋ ಟಾರ್ಚ್ ಹಿಡಿಯುತ್ತಾರೆ. ಸ್ಪಿರಿಟ್ ನೀಲಿ ಜ್ವಾಲೆಯಾಗಿ ಹೊತ್ತಿಕೊಳ್ಳುತ್ತದೆ. ಕೆಳಗಿನ ಮೇಣ ಕರಗಿ ಉಬ್ಬುತ್ತದೆ, ಮೇಲಿನ ಅರಗು ಸುರುಟಿ ಹರಿಯುತ್ತದೆ. ಬೆಂಕಿ ಆರುವಷ್ಟರಲ್ಲಿ ಬಿಳಿಯ ಮೇಲೆ ಕಪ್ಪು ಜಾಲವೊಂದು ಬೇಸಿಗೆಯ ಕೆರೆಯಂಗಳದ ಬಿರುಕಿನಂತೆ ಹರಡಿಕೊಂಡಿರುತ್ತದೆ. ಟಾರ್ಚನ್ನು ಎಷ್ಟು ಹೊತ್ತು, ಎಷ್ಟು ದೂರದಿಂದ ಹಿಡಿದರು ಎಂಬುದರ ಮೇಲೆ ಅದು ಬೇರು, ಹವಳ, ಕಲ್ಲುಹೂವು ಏನಾದರೂ ಆಗಬಹುದು. ಹೀಗೆ ಮೂಡುವ ಆಕಾರಗಳು ನಿಸರ್ಗದವೇ ಎನಿಸಲು ಕಾರಣವಿದೆ. ಕರಗುವುದು, ಕುಗ್ಗುವುದು, ಬಿರಿಯುವುದು ಮಣ್ಣಿನಲ್ಲೂ ತೊಗಟೆಯಲ್ಲೂ ನಡೆಯುವ ಕ್ರಿಯೆಗಳೇ. ಕಲಾವಿದ ಇಲ್ಲಿ ಆ ಕ್ರಿಯೆಯನ್ನು ಹಲಗೆಯ ಮೇಲೆ ನಡೆಯಗೊಟ್ಟು, ನಿಲ್ಲಿಸಬೇಕಾದ ಗಳಿಗೆಯಲ್ಲಿ ನಿಲ್ಲಿಸುತ್ತಾನೆ.

ಆ ಅರಗು ಬಹುಪಾಲು ಭಾರತದ್ದು. ಜಾರ್ಖಂಡ್, ಛತ್ತೀಸಗಡದ ಕಾಡುಗಳಲ್ಲಿ ಸಣ್ಣ ಕೀಟವೊಂದು ರೆಂಬೆಗಳ ಮೇಲೆ ಸುರಿಸುವ ಸ್ರಾವ ಅದು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಬರುವುದೂ ಅರಗಿನಿಂದಲೇ. ಡಾಮರ್ ಕೊಡುವ ಮರಗಳ ಕುಟುಂಬಕ್ಕೆ ಸೇರಿದ ಧೂಪದ ಮರ ಪಶ್ಚಿಮ ಘಟ್ಟದ್ದು, ದಕ್ಷಿಣ ಕನ್ನಡ, ಶಿವಮೊಗ್ಗ ಕಡೆ ಸಾಲುಮರವಾಗಿಯೂ ನೆಟ್ಟಿದ್ದಾರೆ. ಅದರ ಅಂಟಿಗೆ ವ್ಯಾಪಾರದಲ್ಲಿ 'ವೈಟ್ ಡಾಮರ್' ಎಂಬ ಹೆಸರೇ ಇದೆ. ವಿರಾಜಪೇಟೆಯ ಹಳೆಯ ಸಹಕಾರ ಸಂಘದ ಹೆಸರಿನಲ್ಲಿ ಜೇನಿನ ಜತೆ ಮೇಣವೂ ಸೇರಿದೆ. ಹೆಜ್ಜೇನಿನ ಮೇಣ, ತುಡುವೆಯ ಮೇಣ, ಧೂಪದ ಅಂಟು, ಅರಗು, ತೆಂಗಿನ ಚಿಪ್ಪಿನ ಇದ್ದಿಲು ಎಲ್ಲವೂ ನಮ್ಮ ಕೈಯಳತೆಯಲ್ಲಿವೆ. ಮುಂಗಾರಿನ ಮಲೆನಾಡಿಗಿಂತ ಕಪ್ಪು-ಬಿಳುಪಿಗೆ ಒಪ್ಪುವ ನಿಸರ್ಗವೂ ಅಪರೂಪ.

ಮೈಸೂರು, ಬೆಂಗಳೂರು, ಧಾರವಾಡ, ಕಲಬುರಗಿಯ ಕಲಾಶಾಲೆಗಳು ಈ ಸಾಮಗ್ರಿಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಬೇಕು. ಯಾವ ಮೇಣ ಎಷ್ಟು ಗಟ್ಟಿ, ಧೂಪದ ಅಂಟು ಡಾಮರ್‌ನ ಜಾಗ ತುಂಬಬಲ್ಲದೇ, ನಮ್ಮ ಏಪ್ರಿಲ್ ಬಿಸಿಲಿಗೆ ಚಿತ್ರ ಮೆತ್ತಗಾಗುತ್ತದೆಯೇ ಎಂಬುದನ್ನು ವಿದ್ಯಾರ್ಥಿಗಳೇ ಮಾಡಿ ಬರೆದಿಟ್ಟರೆ ಮುಂದಿನವರಿಗೆ ದಾರಿ ಸುಗಮವಾಗುತ್ತದೆ. ಮನೆಯಲ್ಲಿ ಪ್ರಯತ್ನಿಸುವವರು ಕೆಲವು ನಿಯಮ ಮರೆಯಬಾರದು. ಕಿಟಕಿ ತೆರೆದಿರಲಿ. ಮೇಣದ ಬಿಸಿ 93 ಡಿಗ್ರಿ ಸೆಲ್ಸಿಯಸ್ ದಾಟದಿರಲಿ, ದಾಟಿದರೆ ಹೊಗೆ ಏಳುತ್ತದೆ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕದೆ ಮುಚ್ಚಳ ಮುಚ್ಚಿ. ಬಣ್ಣದ ಒಣಪುಡಿಯನ್ನು ಬಾಯಿ-ಮೂಗು ಕಟ್ಟಿಕೊಂಡೇ ಬೆರೆಸಿ. ಅರಗಿನ ಸುಡುಗೆಯನ್ನು ಬಯಲಲ್ಲಿ ಮಾತ್ರ ಮಾಡಿ. ಮೇಣ ಕೊಳ್ಳುವಾಗ ಗೂಡು ಹಾಳುಮಾಡದೆ ಜೇನು ತೆಗೆಯುವ ಸಾಕಣೆದಾರರಿಂದಲೇ ಕೊಳ್ಳಿ.